ಬೆಕ್ಕಿನ ಕೆನ್ನೆಯಲ್ಲಿ ಬಾವು: ಕಚ್ಚಿದ ಗಾಯ ಒಳಗೇ ಕೀವಾಗಿದೆಯೇ, ಮನೆಯಲ್ಲಿ ಎಷ್ಟರ ಮಟ್ಟಿಗೆ ನೋಡಿಕೊಳ್ಳಬಹುದು?

ಪ್ರಶ್ನೆ: ತೋಟದ ಮನೆ, ಬಣಕಲ್ ಕಡೆ
(ಶುಕ್ರವಾರ, ಸಂಜೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನ ಬಣಕಲ್ ಕಡೆಯ ಕಾಫಿ ತೋಟದೊಳಗಿದೆ. ನಾಲ್ಕು ವರ್ಷದ ಗಂಡು ಬೆಕ್ಕೊಂದು ನಮ್ಮಲ್ಲಿದೆ. ತೂಕ ಸುಮಾರು 4 ಕೆ.ಜಿ., ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಲ್ಲ. ಹಗಲೆಲ್ಲ ಬಚ್ಚಲೊಲೆಯ ಪಕ್ಕ ಮಲಗಿದ್ದು, ಕತ್ತಲಾದ ಮೇಲೆ ಗೋದಾಮು, ಕೊಟ್ಟಿಗೆ, ತೋಟದ ಕೆಲಸಗಾರರ ಲೈನ್ ಮನೆಗಳ ಕಡೆ ಸುತ್ತಿ ಬೆಳಗಿನ ಕಾಫಿಯ ಹೊತ್ತಿಗೆ ಒಳಗೆ ಬರುವುದು ಅದರ ರೂಢಿ. ಇಲಿಗಳ ಕಾಟದಿಂದ ಗೋದಾಮನ್ನು ಉಳಿಸಿಕೊಟ್ಟಿರುವುದು ಅದೇ ಆದ್ದರಿಂದ ಅದನ್ನು ರಾತ್ರಿ ಕೂಡಿಹಾಕುವ ಯೋಚನೆಯನ್ನೇ ನಾವು ಮಾಡಿರಲಿಲ್ಲ.

ಕಳೆದ ಭಾನುವಾರ ರಾತ್ರಿ ಮಳೆಯ ನಡುವೆಯೇ ಕೊಟ್ಟಿಗೆಯ ಹಿಂದೆ ಎರಡು ಬೆಕ್ಕುಗಳು ಅರಚಾಡುವುದು ಕೇಳಿಸಿತು. ಸೋಮವಾರ ಬೆಳಿಗ್ಗೆ ನೋಡಿದಾಗ ಅದರ ಎಡಗೆನ್ನೆಯ ಕೂದಲು ಒಂದು ಕಡೆ ಅಂಟಿಕೊಂಡಿತ್ತು. ಕೂದಲನ್ನು ಸರಿಸಿದರೆ ಸೂಜಿ ಚುಚ್ಚಿದಂತಹ ಎರಡು ಚುಕ್ಕೆಗಳು ಕಂಡವೇ ಹೊರತು ರಕ್ತವಾಗಲಿ ಸೀಳಿದ ಗುರುತಾಗಲಿ ಇರಲಿಲ್ಲ. ಅಮ್ಮ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಬುಧವಾರದ ಹೊತ್ತಿಗೆ ಚುಕ್ಕೆಗಳ ಮೇಲೆ ಹಕ್ಕಳೆ ಕಟ್ಟಿದ್ದರಿಂದ ವಾಸಿಯಾಯಿತೆಂದೇ ತಿಳಿದೆವು. ಆದರೆ ನಿನ್ನೆಯಿಂದ ಅದು ಒಲೆಯ ಪಕ್ಕ ಬಿಟ್ಟು ಮಂಚದ ಕೆಳಗಿನ ಮೂಲೆಯನ್ನು ಸೇರಿದೆ. ಇವತ್ತು ಹೊರಗೆಳೆದು ನೋಡಿದರೆ ಕೆನ್ನೆಯಲ್ಲಿ ಸಣ್ಣ ನಿಂಬೆಹಣ್ಣಿನಷ್ಟು ಬಾವು ಬಂದಿದ್ದು, ಮುಟ್ಟಿದರೆ ಕಾದಂತಿದೆ, ಒತ್ತಿದರೆ ಒಳಗೆ ನೀರು ಅಲುಗಿದ ಹಾಗಾಗುತ್ತದೆ. ಎಡಗಣ್ಣು ಅರ್ಧ ಮುಚ್ಚಿದೆ. ಒಣಮೀನಿನ ವಾಸನೆ ಹಿಡಿದರೂ ತಲೆಯೆತ್ತುತ್ತಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಇದು ಕಚ್ಚಿದ ಗಾಯದ ಕೀವೇ, ಅಥವಾ ಹಾವು ಏನಾದರೂ ಕಚ್ಚಿರಬಹುದೇ? ಬಾವನ್ನು ನಾವೇ ಹಿಂಡಿ ಕೀವು ತೆಗೆಯಬಹುದೇ? ಮನೆಯಲ್ಲಿ ಜ್ವರದ ಪ್ಯಾರಸಿಟಮಾಲ್ ಮಾತ್ರೆಯೂ, ನನಗೆ ಹಲ್ಲುನೋವಿಗೆ ಕೊಟ್ಟಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲುಗಳೂ ಇವೆ. ಅವುಗಳಲ್ಲಿ ಕಾಲು ಭಾಗ ಕೊಟ್ಟು ನಾಳೆಯವರೆಗೆ ತಡೆಯಬಹುದೇ? ಎಡೆಬಿಡದೆ ಮಳೆ ಸುರಿಯುತ್ತಿರುವುದರಿಂದ ಈ ರಾತ್ರಿ ಮೂಡಿಗೆರೆಗೆ ಹೋಗುವುದು ಕಷ್ಟ. ತಿಳಿದವರು ದಯವಿಟ್ಟು ಬೇಗ ಹೇಳಿ.


ಉತ್ತರ 1: ಹೆತ್ತೂರು ಕಡೆಯವರು, ಸಕಲೇಶಪುರ ತಾಲ್ಲೂಕು
(ಶುಕ್ರವಾರ, ಇಪ್ಪತ್ತು ನಿಮಿಷಗಳ ನಂತರ)

ಉಳಿದ ವಿಷಯವನ್ನು ತಿಳಿದವರು ಹೇಳಲಿ, ಮೊದಲು ಇದೊಂದನ್ನು ಓದಿಬಿಡಿ: ಪ್ಯಾರಸಿಟಮಾಲ್ ಕೊಡಬೇಡಿ. ಕಾಲು ಮಾತ್ರೆಯನ್ನೂ ಕೊಡಬೇಡಿ, ಚೂರನ್ನೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಮಳೆಯನ್ನು ನೋಡದೆ ಈ ರಾತ್ರಿಯೇ ಹೊರಡಿ.

ಆರು ವರ್ಷಗಳ ಹಿಂದೆ ನಮ್ಮ ಬೂದು ಬಣ್ಣದ ಹೆಣ್ಣು ಬೆಕ್ಕಿಗೆ ಬಾಲದ ಬುಡದಲ್ಲಿ ಹೀಗೆಯೇ ಬಾವಾಗಿ ಮೈ ಕಾದಿತ್ತು. ಮನುಷ್ಯರ ಔಷಧಿ ಅಂಗಡಿಯಲ್ಲಿ ಕೇಳಿದಾಗ ಮಕ್ಕಳಿಗೆ ಕೊಡುವುದೇ ಅಲ್ಲವೇ, ಅರ್ಧ ಮಾತ್ರೆ ಕೊಡಿ ಎಂದರು. ನಾನು ಮರುಯೋಚನೆ ಮಾಡದೆ ಮೀನಿನ ಸಾರಿನಲ್ಲಿ ಕರಗಿಸಿ ಕುಡಿಸಿದೆ. ಮೂರ್ನಾಲ್ಕು ಗಂಟೆಯಲ್ಲಿ ಅದರ ಮುಖ ಊದಿಕೊಂಡಿತು, ಮುಂಗಾಲಿನ ಪಾದಗಳು ಊದಿದವು, ಬಾಯಿ ತೆರೆದು ಏದುಸಿರು ಬಿಡತೊಡಗಿತು. ತುಟಿಯನ್ನು ಸರಿಸಿ ನೋಡಿದಾಗ ಕೆಂಪಾಗಿರಬೇಕಾದ ವಸಡು ಚಾಕೊಲೇಟಿನಂತೆ ಕಂದಾಗಿತ್ತು. ಬೆಳಗಾಗುವುದರೊಳಗೆ ಅದು ತೀರಿಕೊಂಡಿತು. ಬಾವಿನಿಂದ ಅದು ಸಾಯಲಿಲ್ಲ, ನಾನು ಕೊಟ್ಟ ಮಾತ್ರೆಯಿಂದ ಸತ್ತಿತು. ಮನುಷ್ಯರ ಯಕೃತ್ತು ಈ ಔಷಧವನ್ನು ಒಡೆದು ಹೊರಹಾಕುವ ಬಗೆಯಲ್ಲಿ ಬೆಕ್ಕಿನ ಯಕೃತ್ತು ಮಾಡಲಾರದೆಂದೂ, ಉಳಿದ ವಿಷ ರಕ್ತದ ಕೆಂಪು ಕಣಗಳು ಆಮ್ಲಜನಕವನ್ನು ಹೊರದಂತೆ ಮಾಡುತ್ತದೆಂದೂ ಆಮೇಲೆ ವೈದ್ಯರು ತಿಳಿಸಿದರು. ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇವುಗಳನ್ನೂ ಮನೆಯ ಡಬ್ಬಿಯಿಂದ ತೆಗೆದು ಕೊಡಬಾರದೆಂದು ಅವರು ಹೇಳಿದ್ದನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಇನ್ನೊಬ್ಬರ ಮನೆಯಲ್ಲಿ ಇದು ಆಗಬಾರದು ಎಂಬ ಒಂದೇ ಕಾರಣಕ್ಕೆ ಬರೆದೆ.


ಉತ್ತರ 2: ನಿವೃತ್ತ ಪಶುವೈದ್ಯ, ಹಾಸನ
(ಶುಕ್ರವಾರ, ರಾತ್ರಿ)

ಮೇಲೆ ಬರೆದವರ ಮಾತನ್ನು ಅಕ್ಷರಶಃ ಪಾಲಿಸಿ. ಅವರು ಕಂಡ ಲಕ್ಷಣಗಳೆಲ್ಲ ಪ್ಯಾರಸಿಟಮಾಲ್ ವಿಷದವೇ. ಬೇಗ ತಲುಪಿಸಿದರೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ, ಆದರೆ ಗಂಟೆಗಳು ಕಳೆದಷ್ಟೂ ಅದರಿಂದ ಪ್ರಯೋಜನ ಕಡಿಮೆ.

ನೀವು ವಿವರಿಸಿರುವುದು ಬಹುಮಟ್ಟಿಗೆ ಬೆಕ್ಕು ಕಚ್ಚಿ ಆದ ಕೀವು ಬಾವು. ನೋಡದೆ ಹೇಳುತ್ತಿರುವುದರಿಂದ ಖಚಿತವೆನ್ನಲಾರೆ, ಆದರೂ ಜಗಳದ ರಾತ್ರಿಯಿಂದ ಬಾವು ಕಾಣಿಸಿಕೊಳ್ಳುವವರೆಗೆ ಕಳೆದಿರುವ ನಾಲ್ಕು ದಿನಗಳೇ ಅದನ್ನು ಹೇಳುತ್ತಿವೆ. ಬೆಕ್ಕಿನ ಕೋರೆಹಲ್ಲು ಸಣ್ಣದು, ಉದ್ದನೆಯದು, ಸೂಜಿಯಂತೆ ಚೂಪು. ಅದು ಚರ್ಮವನ್ನು ಹರಿಯುವುದಿಲ್ಲ. ಚುಚ್ಚಿ, ಬಾಯಿಯೊಳಗಿನ ಸೂಕ್ಷ್ಮಜೀವಿಗಳನ್ನು ಚರ್ಮದ ಅಡಿಗೆ ಬಿಟ್ಟು ಹೊರಬರುತ್ತದೆ. ಹೆಚ್ಚಿನ ಬೆಕ್ಕುಗಳ ಬಾಯಲ್ಲಿ ಆರೋಗ್ಯದಲ್ಲಿರುವಾಗಲೂ ವಾಸವಾಗಿರುವ ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾ ಇವುಗಳಲ್ಲಿ ಮುಖ್ಯವಾದುದು. ಅದರ ಜೊತೆಗೆ ಗಾಳಿಯಿಲ್ಲದ ಕಡೆ ಬೆಳೆಯುವ ಜಾತಿಗಳೂ ಒಳಸೇರುತ್ತವೆ. ಬೆಕ್ಕಿನ ಚರ್ಮ ಸಡಿಲವಾಗಿದ್ದು ಬಹು ಬೇಗ ಕೂಡಿಕೊಳ್ಳುವುದರಿಂದ ಒಂದೆರಡು ದಿನಗಳಲ್ಲಿ ಹೊರಗಿನ ರಂಧ್ರ ಮುಚ್ಚಿಹೋಗುತ್ತದೆ. ಮನೆಯವರು ವಾಸಿಯಾಯಿತೆಂದು ನೆಮ್ಮದಿಯಿಂದ ಇರುವ ಆ ದಿನಗಳಲ್ಲಿಯೇ, ಮುಚ್ಚಿದ ಚರ್ಮದ ಕೆಳಗೆ, ಸೂಕ್ಷ್ಮಜೀವಿಗಳೊಡನೆ ಹೋರಾಡಿ ಸತ್ತ ಬಿಳಿಯ ರಕ್ತಕಣಗಳೂ ಕರಗಿದ ಮಾಂಸವೂ ಸೇರಿ ಕೀವಿನ ಚೀಲವಾಗುತ್ತದೆ. ನಿಮ್ಮ ತಾಯಿಯವರು ಹಚ್ಚಿದ ಅರಿಶಿನದಿಂದ ಕೇಡಾಯಿತೆಂದು ನಾನು ಹೇಳುವುದಿಲ್ಲ. ಆದರೆ ಎಣ್ಣೆ ಅರಿಶಿನ ಗಾಯದ ಬಾಯಿ ಮುಚ್ಚುವ ಕೆಲಸಕ್ಕೆ ನೆರವಾಗುತ್ತದೆ, ಕಚ್ಚಿದ ಗಾಯಕ್ಕಾದರೋ ಬಾಯಿ ತೆರೆದಿರುವುದೇ ಬೇಕಾದದ್ದು. ಮೂವತ್ತು ವರ್ಷ ಈ ಎರಡು ಜಿಲ್ಲೆಗಳ ಪಶು ಆಸ್ಪತ್ರೆಗಳಲ್ಲಿ ನಾನು ಎಲ್ಲರಿಗೂ ತಿಳಿಯಹೇಳಲು ಹೆಣಗಿದ್ದು ಇದೊಂದನ್ನೇ: ಬೆಕ್ಕಿಗೆ ಕಚ್ಚಿದ ಗಾಯ ಒಳಗಿನಿಂದ ಹೊರಕ್ಕೆ ಮಾಯಬೇಕು, ಹೊರಗಿನಿಂದ ಒಳಕ್ಕಲ್ಲ.

ಹಾವಿನ ಅನುಮಾನ ನಮ್ಮ ಕಡೆಯ ತೋಟಗಳಲ್ಲಿ ಸಹಜವೇ. ಕೊಳಕುಮಂಡಲದಂತಹ ಹಾವು ಕಚ್ಚಿದರೆ ಊತ ಬರಲು ನಾಲ್ಕು ದಿನ ಹಿಡಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಊತ ಹರಡುತ್ತಾ ಹೋಗುತ್ತದೆ, ಕಚ್ಚಿದ ಜಾಗದಿಂದ ರಕ್ತ ಜಿನುಗುವುದು ನಿಲ್ಲದಿರಬಹುದು, ಪ್ರಾಣಿ ಬೇಗನೆ ಕುಸಿಯುತ್ತದೆ. ಕೀವಿನ ಬಾವು ಒಂದೇ ಕಡೆ ಗುಂಡಾಗಿ ನಿಂತು, ಮೊದಲು ಗಟ್ಟಿಯಾಗಿದ್ದು ಆಮೇಲೆ ನಡುವೆ ಮೆತ್ತಗಾಗುತ್ತದೆ. ನೀವು ನೀರು ಅಲುಗಿದ ಹಾಗಾಗುತ್ತದೆ ಎಂದದ್ದು ಆ ಹಂತವನ್ನೇ. ಕೆನ್ನೆಯಾದ್ದರಿಂದ ಹಲ್ಲಿನ ಬುಡದ ಕೀವೂ ಆಗಿರಬಹುದು, ನಾಳೆ ಪರೀಕ್ಷಿಸುವವರು ಬಾಯಿ ತೆರೆದು ಅದನ್ನೂ ನೋಡುತ್ತಾರೆ. ಬೆಕ್ಕಿಗೆ ಕಚ್ಚಿದ ಗಾಯಗಳು ಸಾಮಾನ್ಯವಾಗಿ ಸಿಗುವುದು ಮುಖ, ಮುಂಗಾಲು, ಬೆನ್ನಿನ ಹಿಂಭಾಗ ಮತ್ತು ಬಾಲದ ಬುಡದಲ್ಲಿ. ಎದುರು ನಿಂತು ಕಾದಾಡಿದ ಬೆಕ್ಕಿಗೆ ಮುಂದೆ, ಓಡಿದ ಬೆಕ್ಕಿಗೆ ಹಿಂದೆ. ಕಾಲಿಗೆ ಕಚ್ಚಿದ್ದರೆ ಬಾವು ಕಾಣುವ ಮೊದಲೇ ಕುಂಟು ಕಾಣಿಸುತ್ತದೆ. ಉದ್ದ ಕೂದಲಿನ ಬೆಕ್ಕಿನಲ್ಲಿ ಏನೂ ಕಾಣದೆ ಬರೀ ಮಂಕುತನ, ಊಟ ಬಿಡುವುದು, ಎತ್ತಿಕೊಂಡರೆ ಗುರುಗುಟ್ಟುವುದು ಮಾತ್ರ ಇರಬಹುದು. ಅಂಥ ಸಂದರ್ಭದಲ್ಲಿ ಕೂದಲಿನ ವಿರುದ್ಧ ದಿಕ್ಕಿಗೆ ಬೆರಳಾಡಿಸಿ ಸಾಸಿವೆ ಕಾಳಿನಷ್ಟು ಹಕ್ಕಳೆಗಾಗಿ ಹುಡುಕಬೇಕು.

ಈ ರಾತ್ರಿ ನೀವು ಮಾಡಬಹುದಾದದ್ದು ಸ್ವಲ್ಪವೇ, ಆದರೆ ಅದು ಉಪಯುಕ್ತ. ಬೆಕ್ಕನ್ನು ಬೆಚ್ಚಗಿನ ಒಣ ಕೋಣೆಯೊಂದರಲ್ಲಿ ಬಾಗಿಲು ಹಾಕಿ ಇಡಿ. ಹೊರಗೆ ಬಿಟ್ಟರೆ ನೋವಿನಲ್ಲಿರುವ ಬೆಕ್ಕು ಪೊದೆ ಸೇರಿ ನಿಮಗೆ ಸಿಗದೆ ಹೋಗಬಹುದು. ಒಂದು ತಟ್ಟೆಯಲ್ಲಿ ಮರಳು, ಇನ್ನೊಂದರಲ್ಲಿ ನೀರು ಇಡಿ. ಶುಭ್ರವಾದ ಬಟ್ಟೆಯನ್ನು ಕೈಗೆ ಹಿತವೆನಿಸುವಷ್ಟು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಅದು ಒಪ್ಪಿದರೆ ಮಾತ್ರ, ಐದರಿಂದ ಹತ್ತು ನಿಮಿಷ ಬಾವಿನ ಮೇಲೆ ಶಾಖ ಕೊಡಿ. ಕೈಯಲ್ಲಿ ಹಿಂಡಲು ಹೋಗಬೇಡಿ. ಹೊರಗೆ ದಾರಿಯಿಲ್ಲದ ಕೀವು ಒತ್ತಿದಾಗ ಪಕ್ಕದ ಮಾಂಸಕ್ಕೆ ನುಗ್ಗುತ್ತದೆ, ಕಣ್ಣಿನ ಹತ್ತಿರ ಇದು ಅಪಾಯಕರ. ಬ್ಲೇಡು ಸೂಜಿಗಳಿಂದ ಚುಚ್ಚುವುದಂತೂ ಬೇಡವೇ ಬೇಡ, ಕೆನ್ನೆಯಲ್ಲಿ ನರಗಳೂ ರಕ್ತನಾಳಗಳೂ ಚರ್ಮದ ಅಡಿಯಲ್ಲೇ ಹಾದುಹೋಗುತ್ತವೆ. ರಾತ್ರಿ ತಾನಾಗಿಯೇ ಒಡೆದರೆ ಗಾಬರಿಯಾಗಬೇಡಿ. ದುರ್ನಾತದ ಕೀವು ಹರಿಯಲು ಬಿಡಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚೆ ಉಪ್ಪು ಹಾಕಿ, ಸೂಜಿಯಿಲ್ಲದ ಸಿರಿಂಜಿನಿಂದ ನಿಧಾನವಾಗಿ ತೊಳೆಯಿರಿ, ಗಾಯದ ಬಾಯಿಯನ್ನು ಹತ್ತಿಯಿಂದಾಗಲಿ ಪುಡಿಯಿಂದಾಗಲಿ ತುಂಬಬೇಡಿ. ಒಡೆದ ಮೇಲೆ ಬೆಕ್ಕು ಎದ್ದು ಊಟ ಮಾಡಿದರೂ ವೈದ್ಯರಿಗೆ ತೋರಿಸುವುದನ್ನು ಬಿಡಬೇಡಿ, ಏಕೆಂದರೆ ಚೀಲ ಪೂರ್ತಿ ಬರಿದಾಗದೆ ರಂಧ್ರ ಮುಚ್ಚಿದರೆ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಡೆಟಾಲ್, ಫಿನಾಯಿಲ್, ಸೀಮೆಎಣ್ಣೆ, ದನಗಳ ಹುಳದ ಗಾಯಕ್ಕೆ ಬಿಡುವ ಟರ್ಪೆಂಟೈನ್ ಎಣ್ಣೆ ಇವು ಬೆಕ್ಕಿನ ಹತ್ತಿರ ಸುಳಿಯಬಾರದು. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುವ ಪ್ರಾಣಿ, ಫಿನಾಲ್ ಜಾತಿಯ ವಸ್ತುಗಳನ್ನು ಅದರ ಯಕೃತ್ತು ತಡೆದುಕೊಳ್ಳಲಾರದು. ಸುಣ್ಣ ಅರಿಶಿನದ ಪಟ್ಟು ಚರ್ಮವನ್ನು ಸುಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಕೀವನ್ನು ಮಾತ್ರವಲ್ಲ, ಹೊಸದಾಗಿ ಬೆಳೆಯುವ ಮಾಂಸವನ್ನೂ ಹಾಳುಮಾಡುತ್ತದೆ. ಮನೆಯಲ್ಲಿ ಪೊವಿಡೋನ್ ಅಯೋಡಿನ್ ದ್ರಾವಣವಿದ್ದರೆ ಹಾಲು ಹಾಕದ ತೆಳು ಚಹಾದ ಬಣ್ಣ ಬರುವವರೆಗೆ ನೀರು ಬೆರೆಸಿ ಸುತ್ತಲಿನ ಚರ್ಮ ಒರೆಸಲು ಬಳಸಬಹುದು.

ಅಮಾಕ್ಸಿಸಿಲಿನ್ ಬಗ್ಗೆ ಕೇಳಿದ್ದೀರಿ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಕೂಡಿದ ಔಷಧವನ್ನು ನಾವೂ ಈ ಗಾಯಗಳಿಗೆ ಬಳಸುತ್ತೇವೆ, ಆದ್ದರಿಂದ ನಿಮ್ಮ ಯೋಚನೆ ತೀರ ತಪ್ಪಲ್ಲ. ಆದರೆ ಕೀವಿನ ಚೀಲದೊಳಗೆ ರಕ್ತನಾಳಗಳಿರುವುದಿಲ್ಲ, ರಕ್ತ ಹೋಗದ ಕಡೆಗೆ ಔಷಧ ಹೋಗುವುದಿಲ್ಲ. ಬಾವು ಕಟ್ಟುವ ಮೊದಲು, ಅಂದರೆ ಕಚ್ಚಿದ ದಿನವೋ ಮರುದಿನವೋ ಸರಿಯಾದ ಪ್ರಮಾಣದಲ್ಲಿ ಕೊಟ್ಟಿದ್ದರೆ ಕೀವಾಗುವುದನ್ನೇ ತಡೆಯುವ ಸಾಧ್ಯತೆ ಇತ್ತು. ಈಗ ಕೀವು ಹೊರಹೋಗುವುದೇ ಮುಖ್ಯ ಚಿಕಿತ್ಸೆ, ಮಾತ್ರೆ ಅದಕ್ಕೆ ಸಹಾಯಕ. ಉಳಿದ ಕ್ಯಾಪ್ಸೂಲಿನ ಕಾಲು ಭಾಗ ಅಂದಾಜಿನಲ್ಲಿ ಕೊಟ್ಟರೆ ರೋಗ ಅಡಗುತ್ತದೆಯೇ ಹೊರತು ಹೋಗುವುದಿಲ್ಲ, ಮುಂದೆ ಆ ಔಷಧಕ್ಕೆ ಜಗ್ಗದ ಜೀವಿಗಳು ಉಳಿಯುತ್ತವೆ.

ನಾಳೆ ವೈದ್ಯರು ಏನು ಮಾಡುತ್ತಾರೆಂದು ತಿಳಿದಿದ್ದರೆ ನಿಮಗೂ ಧೈರ್ಯವಿರುತ್ತದೆ. ಮಂಪರು ಬರುವ ಚುಚ್ಚುಮದ್ದು ಕೊಟ್ಟು, ಕೂದಲು ಬೋಳಿಸಿ, ಬಾವಿನ ಅತಿ ಕೆಳಗಿನ ಜಾಗದಲ್ಲಿ ಕೊಯ್ದು, ಸಲೈನಿನಿಂದ ಸ್ವಚ್ಛವಾಗುವವರೆಗೆ ತೊಳೆದು, ಸತ್ತ ಮಾಂಸವಿದ್ದರೆ ತೆಗೆಯುತ್ತಾರೆ. ಚೀಲ ದೊಡ್ಡದಿದ್ದರೆ ಕೀವು ಹರಿದುಹೋಗಲೆಂದು ಮೆತ್ತನೆಯ ರಬ್ಬರಿನ ಪಟ್ಟಿಯೊಂದನ್ನು ಕೆಲವು ದಿನ ಒಳಗೆ ಬಿಟ್ಟಿರುತ್ತಾರೆ. ಹೊಲಿಗೆ ಹಾಕಿ ಬಿಗಿಯಾಗಿ ಮುಚ್ಚುವುದಿಲ್ಲ. ಮುಚ್ಚಿಲ್ಲವಲ್ಲ ಎಂದು ಅವರ ಮೇಲೆ ಬೇಸರಪಡಬೇಡಿ.

ಬೆಕ್ಕಿನ ಸಹಜ ಮೈಶಾಖ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರ ಅಳತೆಯಲ್ಲಿ ಇದು ಜ್ವರವೆನಿಸುತ್ತದೆ, ಅವುಗಳಿಗೆ ಅಲ್ಲ. 104 ದಾಟಿದರೆ ಅಥವಾ 99ಕ್ಕಿಂತ ಕೆಳಗಿಳಿದರೆ, ಉಸಿರಾಟ ವೇಗವಾದರೆ, ವಸಡು ಬಿಳುಚಿದರೆ, ಬಾವಿನ ಮೇಲಿನ ಚರ್ಮ ಕಪ್ಪಾದರೆ ಬೆಳಗಿನವರೆಗೂ ಕಾಯಬಾರದು. ಎದೆಗೆ ಕಚ್ಚಿದ ಗಾಯವಿದ್ದು ಏದುಸಿರಿದ್ದರೆ ಕೀವು ಎದೆಗೂಡಿನೊಳಗೆ ತುಂಬುತ್ತಿರಬಹುದು, ಕೀಲಿನ ಮೇಲಿದ್ದರೆ ಕೀಲೇ ಹಾಳಾಗಬಹುದು. ಊಟ ಬಿಟ್ಟ ಬೆಕ್ಕನ್ನು ಎರಡು ಮೂರು ದಿನ ಹಾಗೆಯೇ ಬಿಡುವಂತಿಲ್ಲ. ಅದರಲ್ಲೂ ದಪ್ಪಗಿರುವ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಬೇರೆಯದೇ ಕಾಯಿಲೆ ಶುರುವಾಗುತ್ತದೆ.

ಬೆಳಿಗ್ಗೆ ಹೊರಡುವ ಮೊದಲು 1962ಕ್ಕೆ ಕರೆ ಮಾಡಿ ಕೇಳಿನೋಡಿ. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವ ಪಶು ಸಹಾಯವಾಣಿಯಾದರೂ ಹತ್ತಿರದಲ್ಲಿ ಯಾವ ವೈದ್ಯರು ಸಿಗುತ್ತಾರೆಂದು ತಿಳಿಯಲು ಉಪಯೋಗವಾಗಬಹುದು. ಗಾಯ ಕೈಮೀರಿದೆ ಎನಿಸಿದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.


ಕೇಳಿದವರ ಮರುಬರಹ: ತೋಟದ ಮನೆ, ಬಣಕಲ್ ಕಡೆ
(ಶನಿವಾರ, ಮಧ್ಯಾಹ್ನ)

ಸರ್, ತಮಗೂ ಹೆತ್ತೂರಿನವರಿಗೂ ಕೈಮುಗಿಯುತ್ತೇನೆ. ಯಾವ ಮಾತ್ರೆಯನ್ನೂ ಕೊಡಲಿಲ್ಲ. ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾದ ಕೂಡಲೇ ತರಕಾರಿ ಬುಟ್ಟಿಯೊಳಗೆ ಕೂರಿಸಿ, ಮೇಲೆ ಗೋಣಿಚೀಲ ಕಟ್ಟಿ ಜೀಪಿನಲ್ಲಿ ಕರೆದುಕೊಂಡು ಹೋದೆವು. ಮೈಶಾಖ 104.2 ಇತ್ತು. ಹಲ್ಲುಗಳು ಚೆನ್ನಾಗಿವೆ ಎಂದರು.

ಕೂದಲು ಬೋಳಿಸಿದ ಮೇಲೆ ನಾನು ಕಂಡದ್ದನ್ನು ಬರೆಯುತ್ತೇನೆ, ಏಕೆಂದರೆ ಹೊರಗಿನಿಂದ ನಾವು ಊಹಿಸಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬಾವಿನ ನಡುವಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಅದರ ಮೇಲಂಚಿನಲ್ಲಿ ನಾವು ಸೋಮವಾರ ನೋಡಿದ ಎರಡು ಚುಕ್ಕೆಗಳು ಪೂರ್ತಿ ಮುಚ್ಚಿಕೊಂಡು ಹಕ್ಕಳೆಗಳಾಗಿ ಕೂತಿದ್ದವು. ವೈದ್ಯರು ಕೆಳಗಡೆ ಒಂದು ಸಣ್ಣ ಕೊಯ್ತ ಹಾಕಿದ ಕ್ಷಣವೇ ಕಂದು ಬೆರೆತ ಹಳದಿ ಕೀವು ಒತ್ತಡದಿಂದ ಚಿಮ್ಮಿ ಬಂತು, ಆ ನಾತಕ್ಕೆ ಕಿಟಕಿ ತೆರೆಯಬೇಕಾಯಿತು. ಮೂರು ನಾಲ್ಕು ಸಲ ಸಲೈನ್ ಬಿಟ್ಟು ತೊಳೆಯುವಾಗ ಅಕ್ಕಿ ನುಚ್ಚಿನಷ್ಟು ಬಿಳಿಯ ಚೂರೊಂದು ಹೊರಬಂತು. ಅದು ಎದುರಾಳಿ ಬೆಕ್ಕಿನ ಉಗುರಿನ ಹೊರಸಿಪ್ಪೆ, ಒಳಗೇ ಉಳಿದಿದ್ದರೆ ಗಾಯ ಎಂದಿಗೂ ಮಾಯುತ್ತಿರಲಿಲ್ಲ ಎಂದರು. ಈಗ ಕೆನ್ನೆಯಿಂದ ರಬ್ಬರಿನ ಪಟ್ಟಿಯ ಎರಡು ತುದಿಗಳು ಹೊರಗೆ ನೇತಾಡುತ್ತಿವೆ. ಮೂರು ದಿನ ಬಿಟ್ಟು ತೆಗೆಯುತ್ತಾರೆ. ಅಮಾಕ್ಸಿಸಿಲಿನ್ ಕ್ಲಾವುಲನೇಟ್ ದಿನಕ್ಕೆ ಎರಡು ಸಲ, ಏಳು ದಿನ ಕೊಡಬೇಕು. ನೋವಿಗೆ ಅವರೇ ಚುಚ್ಚುಮದ್ದು ಕೊಟ್ಟಿದ್ದಾರೆ.

ಇನ್ನು ಎರಡು ಸಂದೇಹಗಳು. ಬುಟ್ಟಿಗೆ ಹಾಕುವಾಗ ಬೆಕ್ಕು ನನ್ನ ಹೆಂಡತಿಯ ತೋರುಬೆರಳನ್ನು ಕಚ್ಚಿತು. ನಲ್ಲಿಯ ಕೆಳಗೆ ತೊಳೆದು ಬಟ್ಟೆ ಸುತ್ತಿಕೊಂಡಿದ್ದಾಳೆ, ಸಣ್ಣ ಚುಕ್ಕೆ ಅಷ್ಟೇ ಎನ್ನುತ್ತಾಳೆ. ಬೆಕ್ಕಿಗೆ ರೇಬೀಸ್ ಲಸಿಕೆಯನ್ನು ಮರಿಯಿದ್ದಾಗ ಒಮ್ಮೆ ಹಾಕಿಸಿದ್ದು ಬಿಟ್ಟರೆ ಆಮೇಲೆ ಹಾಕಿಸಿಲ್ಲ. ಎರಡನೆಯದು, ಅದು ಮಾತ್ರೆಯನ್ನು ಉಗುಳುತ್ತಿದೆ, ಮೊದಲ ಮಾತ್ರೆಯೇ ನೆಲದ ಮೇಲಿದೆ.


ಉತ್ತರ 3: ನಿವೃತ್ತ ಪಶುವೈದ್ಯ, ಹಾಸನ
(ಶನಿವಾರ, ಅರ್ಧ ಗಂಟೆಯ ನಂತರ)

ನಿಮ್ಮ ಹೆಂಡತಿಯವರನ್ನು ಇವತ್ತೇ, ಈ ಬರಹ ಓದಿದ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಣ್ಣ ಚುಕ್ಕೆ ಎಂಬ ಮಾತನ್ನು ಐದು ದಿನಗಳ ಹಿಂದೆ ಬೆಕ್ಕಿನ ಕೆನ್ನೆಯ ಬಗ್ಗೆಯೂ ನೀವು ಹೇಳಿದ್ದಿರಿ. ಬಟ್ಟೆ ಬಿಚ್ಚಿ, ಸಾಬೂನು ಹಚ್ಚಿ, ಹರಿಯುವ ನೀರಿನ ಕೆಳಗೆ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಲಿ. ಆಮೇಲೆ ಹೊರಡಿ.

ಹೋಗಲೇಬೇಕೆನ್ನಲು ಎರಡು ಬೇರೆ ಬೇರೆ ಕಾರಣಗಳಿವೆ. ಬೆಕ್ಕಿನ ಬಾಯಲ್ಲಿರುವ ಅದೇ ಪಾಶ್ಚುರೆಲ್ಲಾ ಮನುಷ್ಯರ ಬೆರಳಿನಲ್ಲಿ 24 ಗಂಟೆಯೊಳಗೆ ಕೆಂಪು, ಊತ, ಸೆಳೆತ ತರಬಲ್ಲದು. ಬೆರಳಿನಲ್ಲಿ ಚರ್ಮಕ್ಕೂ ಕೀಲಿಗೂ ಸ್ನಾಯುರಜ್ಜುವಿಗೂ ಅಂತರವೇ ಇಲ್ಲದಿರುವುದರಿಂದ ಅಲ್ಲಿನ ಸೋಂಕು ಕೈಯ ಉಪಯೋಗವನ್ನೇ ಕಸಿಯಬಹುದು. ಎರಡನೆಯದು ರೇಬೀಸ್. ಲಕ್ಷಣ ಕಾಣಿಸಿದ ಮೇಲೆ ಅದಕ್ಕೆ ಚಿಕಿತ್ಸೆಯಿಲ್ಲ, ಮೊದಲೇ ಲಸಿಕೆ ಹಾಕಿಸಿಕೊಂಡರೆ ಅದು ಬರುವುದಿಲ್ಲ. ಭಾನುವಾರ ನಿಮ್ಮ ಬೆಕ್ಕನ್ನು ಕಚ್ಚಿದ ಪ್ರಾಣಿ ಯಾವುದೆಂದು ನಿಮಗೆ ಗೊತ್ತಿಲ್ಲ, ನಿಮ್ಮ ಬೆಕ್ಕಿನ ಲಸಿಕೆಯ ಅವಧಿಯೂ ಮುಗಿದಿದೆ. ಚರ್ಮ ದಾಟಿ ಹಲ್ಲು ಇಳಿದ ಗಾಯವನ್ನು ವೈದ್ಯರು ಮೂರನೆಯ ವರ್ಗಕ್ಕೆ ಸೇರಿಸಿ, ಲಸಿಕೆಯ ಜೊತೆಗೆ ಗಾಯದ ಸುತ್ತ ರೇಬೀಸ್ ವೈರಸ್ಸನ್ನು ತಡೆಯುವ ಸೀರಮನ್ನೂ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7 ಮತ್ತು 28ನೆಯ ದಿನಗಳಲ್ಲಿ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತವಾಗಿ ಸಿಗುತ್ತದೆ. ಒಂದು ದಿನವನ್ನೂ ತಪ್ಪಿಸುವಂತಿಲ್ಲ. ಬೆಕ್ಕನ್ನು ಹತ್ತು ದಿನ ಹೊರಗೆ ಬಿಡದೆ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ, ಅದರ ವರ್ತನೆ ಬದಲಾದರೆ ತಿಳಿಸಿ.

ಬೆಕ್ಕಿಗೂ ರೇಬೀಸ್ ಲಸಿಕೆಯನ್ನು ಮತ್ತೆ ಆರಂಭಿಸಬೇಕು. ಎಷ್ಟು ಸಲ, ಯಾವ ದಿನ ಎಂಬುದನ್ನು ರಬ್ಬರ್ ಪಟ್ಟಿ ತೆಗೆಯುವ ದಿನ ಅಲ್ಲಿಯ ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳಿ. ಜೊತೆಗೆ ಬೆಕ್ಕುಗಳಲ್ಲಿ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ಎಂಬ ವೈರಸ್ ಒಂದಿದೆ, ಅದು ಹರಡುವುದು ಮುಖ್ಯವಾಗಿ ಕಚ್ಚುವುದರಿಂದಲೇ. ಮನುಷ್ಯರಿಗೆ ಅದು ಬರುವುದಿಲ್ಲ. ಈಗಲೇ ಪರೀಕ್ಷಿಸಿದರೆ ಹೊಸ ಸೋಂಕು ತಿಳಿಯುವುದಿಲ್ಲವಾದ್ದರಿಂದ ಎರಡು ತಿಂಗಳು ಕಳೆದ ಮೇಲೆ ರಕ್ತಪರೀಕ್ಷೆ ಮಾಡಿಸಿ. ಒಂದೇ ಬೆಕ್ಕಿಗೆ ಮತ್ತೆ ಮತ್ತೆ ಕೀವಾಗುತ್ತಿದ್ದರೆ ಅಥವಾ ಎರಡು ವಾರವಾದರೂ ಗಾಯ ಕೂಡದಿದ್ದರೆ ಇದನ್ನೂ, ಒಳಗೆ ಉಳಿದ ಹಲ್ಲಿನ ಚೂರನ್ನೂ, ಶಿಲೀಂಧ್ರದಂತಹ ಬೇರೆ ಸೋಂಕುಗಳನ್ನೂ ಅನುಮಾನಿಸಬೇಕಾಗುತ್ತದೆ.

ಮಾತ್ರೆ ನುಂಗಿಸುವುದನ್ನು ಅನುಭವಸ್ಥರು ಹೇಳಲಿ, ನನ್ನ ಕೈಗಿಂತ ಅವರ ಕೈ ಮೃದು.


ಉತ್ತರ 4: ಏಳು ಬೆಕ್ಕುಗಳ ಮನೆ, ಹಾಸನ
(ಶನಿವಾರ, ಸಂಜೆ)

ಅಣ್ಣ, ಅತ್ತಿಗೆಯವರನ್ನು ಕರೆದುಕೊಂಡು ಹೋಗಿದ್ದೀರೆಂದು ನಂಬುತ್ತೇನೆ. ಮಾತ್ರೆಯ ವಿಷಯ ನಾನು ಬರೆಯುತ್ತೇನೆ.

ಬೆಕ್ಕನ್ನು ಮೇಜಿನ ಮೇಲೆ ದಪ್ಪ ಟವೆಲ್ಲಿನಲ್ಲಿ ಕುತ್ತಿಗೆಯವರೆಗೆ ಬಿಗಿಯಾಗಿ ಸುತ್ತಿ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಕೂರಿಸಿಕೊಳ್ಳಿ. ಗಾಯವಿಲ್ಲದ ಬಲಗೆನ್ನೆಯ ಕಡೆಯಿಂದ ಮೇಲುದವಡೆಯನ್ನು ಹಿಡಿದು ತಲೆಯನ್ನು ಸ್ವಲ್ಪ ಮೇಲಕ್ಕೆತ್ತಿದರೆ ಕೆಳದವಡೆ ತಾನಾಗಿ ಸಡಿಲವಾಗುತ್ತದೆ. ಮಾತ್ರೆಯನ್ನು ನಾಲಿಗೆಯ ಬುಡದ ಮೇಲೆ ಇಡಬೇಕು, ನಾಲಿಗೆಯ ತುದಿಯ ಮೇಲಿಟ್ಟರೆ ನೆಲಕ್ಕೇ ಬರುತ್ತದೆ. ಬಾಯಿ ಮುಚ್ಚಿ, ಗಂಟಲನ್ನು ಮೇಲಿನಿಂದ ಕೆಳಕ್ಕೆ ಸವರಿ. ಮೂಗನ್ನು ನೆಕ್ಕಿಕೊಂಡರೆ ನುಂಗಿತೆಂದು ಅರ್ಥ. ಅದಾದ ಮೇಲೆ ಐದಾರು ಮಿಲಿಲೀಟರ್ ನೀರನ್ನು ಸಿರಿಂಜಿನಲ್ಲಿ ಬಾಯಿಯ ಬದಿಯಿಂದ ತೊಟ್ಟು ತೊಟ್ಟಾಗಿ ಕುಡಿಸುವುದನ್ನು ಮರೆಯಬೇಡಿ, ಏಕೆಂದರೆ ಒಣಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಮಾತ್ರೆ ಕೊಡುವವರು ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು.

ಕೊರಳಿಗೆ ಶಂಕುವಿನಾಕಾರದ ಪಟ್ಟಿ ಕೊಟ್ಟಿದ್ದರೆ ಕಟ್ಟಿರಿ. ಅಯ್ಯೋ ಪಾಪ ಎಂದು ಬಿಚ್ಚಿದ ಅರ್ಧ ಗಂಟೆಯಲ್ಲಿ ನನ್ನ ಬೆಕ್ಕೊಂದು ಹಿಂಗಾಲಿನಿಂದ ರಬ್ಬರ್ ಪಟ್ಟಿಯನ್ನು ಕಿತ್ತುಹಾಕಿತ್ತು. ಊಟದ ಹೊತ್ತಿನಲ್ಲಿ ಮಾತ್ರ, ನೀವು ಪಕ್ಕದಲ್ಲಿ ಕೂತು, ಬಿಚ್ಚಬಹುದು. ರಬ್ಬರ್ ಪಟ್ಟಿಯ ತುದಿಗಳಿಂದ ಜಿನುಗುವುದನ್ನು ದಿನಕ್ಕೆರಡು ಬಾರಿ ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕಟ್ಟಿದ ಹಕ್ಕಳೆಯನ್ನು ನೆನೆಸಿ ತೆಗೆಯಿರಿ. ಮೊದಲ ದಿನ ರಕ್ತ ಬೆರೆತ ನೀರು, ಆಮೇಲೆ ತಿಳಿಯಾದ ನೀರು, ಹಾಗೆ ಕಡಿಮೆಯಾಗುತ್ತಾ ಹೋಗಬೇಕು. ಮತ್ತೆ ನಾತ ಬಂದರೆ ತಕ್ಷಣ ತೋರಿಸಿ.

ಮಳೆಗಾಲವಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ತೆರೆದ ಗಾಯದ ಮೇಲೆ ನೊಣ ಕೂತರೆ ಒಂದೆರಡು ದಿನಗಳಲ್ಲಿ ಹುಳ ಬೀಳುತ್ತದೆ, ನಿಮ್ಮಲ್ಲಿ ಕೊಟ್ಟಿಗೆ ಬೇರೆ ಇದೆ. ಬಾಗಿಲು ಕಿಟಕಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿದ ಕೋಣೆಯಲ್ಲಿ ಇಡಿ, ಗಾಯದ ಒಳಗನ್ನು ದಿನವೂ ಟಾರ್ಚ್ ಬೆಳಕಿನಲ್ಲಿ ನೋಡಿ. ಊಟಕ್ಕೆ ಬಂಗುಡೆಯನ್ನು ಉಪ್ಪು ಖಾರವಿಲ್ಲದೆ ಬೇಯಿಸಿ ಬಿಸಿಬಿಸಿ ಇರುವಾಗಲೇ ಮುಂದಿಡಿ. ನೋವಿನಲ್ಲಿರುವ ಬೆಕ್ಕು ವಾಸನೆ ಬಂದರೆ ಮಾತ್ರ ಬಾಯಿ ಹಾಕುತ್ತದೆ.


ಕೇಳಿದವರ ಮರುಬರಹ: ತೋಟದ ಮನೆ, ಬಣಕಲ್ ಕಡೆ
(ಹನ್ನೆರಡು ದಿನಗಳ ನಂತರ)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ನಡುವೆ ನಾಲ್ಕು ದಿನ ಕರೆಂಟು ಇರಲಿಲ್ಲ.

ಹೆಂಡತಿಯ ಬೆರಳು ಆ ಶನಿವಾರ ರಾತ್ರಿಯೇ ಊದಿ ಮಡಚಲಾಗದಂತೆ ಆಗಿತ್ತು. ಅಷ್ಟರಲ್ಲಿ ಆಸ್ಪತ್ರೆಗೆ ಹೋಗಿ ಸೀರಮ್, ಲಸಿಕೆ, ಮಾತ್ರೆ ಎಲ್ಲವೂ ಆಗಿದ್ದರಿಂದ ಮಂಗಳವಾರದ ಹೊತ್ತಿಗೆ ಊತ ಇಳಿಯಿತು. ಮೂರು ಲಸಿಕೆಗಳು ಮುಗಿದಿವೆ, 28ನೆಯ ದಿನದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದೇವೆ.

ಬೆಕ್ಕಿನ ಜ್ವರ ಎರಡನೆಯ ದಿನಕ್ಕೇ ಬಿಟ್ಟಿತು. ಭಾನುವಾರ ಸಂಜೆ ಬಂಗುಡೆಯ ತಟ್ಟೆ ಖಾಲಿಯಾಯಿತು. ಮಂಗಳವಾರ ಪಟ್ಟಿ ತೆಗೆದರು, ಅದೇ ದಿನ ರೇಬೀಸ್ ಲಸಿಕೆಯೂ ಆಯಿತು. ರಂಧ್ರ ದಿನದಿಂದ ದಿನಕ್ಕೆ ಒಳಗಿನಿಂದ ತುಂಬಿಕೊಳ್ಳುತ್ತಾ ಬಂದು ಮೊನ್ನೆ ಪೂರ್ತಿ ಕೂಡಿತು. ಬೋಳಿಸಿದ ಕೆನ್ನೆಯಲ್ಲಿ ಸೂಜಿಮೊನೆಯಂತಹ ಹೊಸ ಕೂದಲು ಬರುತ್ತಿದೆ. ಏಳು ದಿನದ ಮಾತ್ರೆಗಳನ್ನು ಒಂದನ್ನೂ ಬಿಡದೆ ಕೊಟ್ಟೆವು. ಐದನೆಯ ದಿನ ಚೆನ್ನಾಗಿದೆಯಲ್ಲ, ಸಾಕು ಎಂದು ಅಮ್ಮ ಹೇಳಿದಾಗ ಒಪ್ಪಲಿಲ್ಲ.

ಹತ್ತು ದಿನದ ಗಡುವು ಮುಗಿದರೂ ಅದನ್ನಿನ್ನೂ ರಾತ್ರಿ ಹೊರಗೆ ಬಿಡುತ್ತಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುಂದಿನ ಶುಕ್ರವಾರ ಗೊತ್ತಾಗಿದೆ. ಆದ ಮೇಲೂ ಇಲಿ ಹಿಡಿಯುತ್ತದೆಯೇ ಎಂದು ಕೇಳಿದ್ದಕ್ಕೆ, ಬೇಟೆ ಬಿಡುವುದಿಲ್ಲ, ಗಡಿಗಾಗಿ ಕಾದಾಡುವುದು ಬಹಳಷ್ಟು ಕಡಿಮೆಯಾಗುತ್ತದೆ ಎಂದು ವೈದ್ಯರು ಹೇಳಿದರು. ಕೊಟ್ಟಿಗೆಯ ಹಿಂದೆ ಬರುವ ಆ ಇನ್ನೊಂದು ಗಂಡು ಬೆಕ್ಕನ್ನು ನಿನ್ನೆ ನೋಡಿದೆ. ಅದರ ಬಲ ಮುಂಗಾಲು ಕುಂಟುತ್ತಿತ್ತು, ಯಾರ ಮನೆಯದೂ ಅಲ್ಲ. ಲೈನ್ ಮನೆಯವರು ಅದಕ್ಕೆ ಅನ್ನ ಹಾಕುತ್ತಾರಂತೆ. ಅದನ್ನು ಕೈಯಲ್ಲಿ ಹಿಡಿಯಲು ಹೋಗಬೇಡಿ ಎಂದು ಅವರಿಗೆ ತಿಳಿಸಿ, ಬೋನು ತರಲು ಹೇಳಿದ್ದೇನೆ.